ಮಾರ್ಗರೆಟ್ ರಿವರ್‌ನಲ್ಲಿ ಉಳಿಯಲು ಜಾಗ ಹುಡುಕುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಮೊದಲ ಸಲ ಪಶ್ಚಿಮ ಆಸ್ಟ್ರೇಲಿಯಾದ ವೈನ್ ಪ್ರದೇಶವಾದ ಮಾರ್ಗರೆಟ್ ರಿವರ್‌ಗೆ ಹೋದಾಗ ನಾವು ಫೋಟೋ ನೋಡಿ ಮನೆ ಬುಕ್ ಮಾಡಿದ್ದೆವು. ದೊಡ್ಡ ಡೆಕ್, ಎದುರಿಗೆ ಸಮುದ್ರ, ಅಮ್ಮ ಕೂತು ಕಾಫಿ ಕುಡಿಯಲು ಎರಡು ಬೆತ್ತದ ಕುರ್ಚಿ. ಜನವರಿ ತಿಂಗಳು, ಅಲ್ಲಿ ಬೇಸಿಗೆ. ಬೆಳಿಗ್ಗೆ ಸ್ವರ್ಗದ ಹಾಗಿತ್ತು. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ನೈಋತ್ಯದ ಗಾಳಿ ಶುರುವಾಯಿತು ನೋಡಿ, ಲೋಟದ ಕಾಫಿಗೂ ಮರಳು ಬಂದು ಬಿತ್ತು. ಅಮ್ಮ ಸೆರಗು ಹೊದ್ದುಕೊಂಡು ಒಳಗೆ ಹೋದವರು ಮೂರು ದಿನ ಮಧ್ಯಾಹ್ನದ ಹೊತ್ತು ಆ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ತಪ್ಪೇನೂ ಇರಲಿಲ್ಲ. ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ನಾವೇ ನೋಡಿರಲಿಲ್ಲ.

ಆಮೇಲೆ ಹಲವು ಸಲ ಹೋಗಿ ಬಂದಿದ್ದೇವೆ. ಈಗ ನಮ್ಮಲ್ಲಿ ಒಂದು ಕ್ರಮ ಇದೆ. ಮೊದಲು ನಕ್ಷೆ, ಆಮೇಲೆ ತಿಂಗಳು, ಆಮೇಲೆ ಸಂಜೆ ಕಾರು ಓಡಿಸುವವರು ಯಾರು ಅನ್ನುವುದು. ಮನೆಯ ಫೋಟೋ ನೋಡುವುದು ಎಲ್ಲಕ್ಕಿಂತ ಕೊನೆಗೆ. ಪರ್ತ್‌ನಲ್ಲಿರುವ ಕನ್ನಡದವರು ಊರಿಂದ ಬಂದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವ ಜಾಗ ಇದು. ಮೆಲ್ಬರ್ನ್, ಸಿಡ್ನಿಯಿಂದ ಬಸೆಲ್ಟನ್ ವಿಮಾನ ನಿಲ್ದಾಣಕ್ಕೆ ನೇರ ವಿಮಾನ ಶುರುವಾದ ಮೇಲೆ ಆ ಕಡೆಯವರೂ ಬರುತ್ತಿದ್ದಾರೆ. ಅವರೆಲ್ಲರಿಗಾಗಿ ಇದನ್ನು ಬರೆಯುತ್ತಿದ್ದೇನೆ.

1. ಮೊದಲು ನಕ್ಷೆ ಬಿಚ್ಚಿ

ಮಾರ್ಗರೆಟ್ ರಿವರ್ ಅಂದರೆ ಒಂದು ಊರೂ ಹೌದು, ಒಂದು ಇಡೀ ಪ್ರದೇಶವೂ ಹೌದು. ಗೊಂದಲ ಶುರುವಾಗುವುದೇ ಇಲ್ಲಿ. ಊರು ಪರ್ತ್‌ನಿಂದ ದಕ್ಷಿಣಕ್ಕೆ ಸುಮಾರು 270 ಕಿಲೋಮೀಟರ್, ಕಾರಿನಲ್ಲಿ ಮೂರು ಗಂಟೆ. ವೈನ್ ಪ್ರದೇಶ ಮಾತ್ರ ಉತ್ತರದ ಕೇಪ್ ನ್ಯಾಚುರಲಿಸ್ಟ್ ಭೂಶಿರದಿಂದ ದಕ್ಷಿಣದ ಕೇಪ್ ಲೂವಿನ್ ತನಕ ಸುಮಾರು 100 ಕಿಲೋಮೀಟರ್ ಉದ್ದಕ್ಕೆ ಚಾಚಿದೆ. ಬುಕಿಂಗ್ ಆ್ಯಪ್‌ನಲ್ಲಿ ಬರೀ 'ಮಾರ್ಗರೆಟ್ ರಿವರ್' ಅಂತ ಹುಡುಕಿದರೆ ಬಸೆಲ್ಟನ್‌ನ ಮನೆಯೂ ಬರುತ್ತದೆ, ಅಗಸ್ಟಾದ ಮನೆಯೂ ಬರುತ್ತದೆ. ಎರಡರ ನಡುವೆ ಒಂದು ಗಂಟೆಗೂ ಜಾಸ್ತಿ ದಾರಿ ಇದೆ.

ಉದ್ದಕ್ಕೆ ಎರಡು ರಸ್ತೆಗಳಿವೆ. ಒಳನಾಡಿನಲ್ಲಿ ಬಸೆಲ್ ಹೆದ್ದಾರಿ, ಸಮುದ್ರದ ಕಡೆ ಕೇವ್ಸ್ ರೋಡ್. ದ್ರಾಕ್ಷಿ ತೋಟಗಳು ಹೆಚ್ಚಾಗಿ ಕೇವ್ಸ್ ರೋಡ್ ಪಕ್ಕದಲ್ಲಿ, ಮತ್ತು ಈ ಎರಡನ್ನು ಸೇರಿಸುವ ಅಡ್ಡರಸ್ತೆಗಳಲ್ಲಿ ಇವೆ. ತೋಟಗಳು ಒತ್ತೊತ್ತಾಗಿ ಇರುವುದು ವಿಲ್ಯಾಬ್ರಪ್ ಅನ್ನುವ ಕಡೆ, ಯಾಲಿಂಗಪ್ ಮತ್ತು ಕವಾರಮಪ್ ನಡುವೆ. ಇದಕ್ಕೆ ಕಾರಣ ಇದೆ. ಈ ನೆಲ, ಈ ಹವೆ ದ್ರಾಕ್ಷಿಗೆ ಹೇಳಿ ಮಾಡಿಸಿದ ಹಾಗಿದೆ ಅಂತ ಕೃಷಿ ವಿಜ್ಞಾನಿ ಜಾನ್ ಗ್ಲ್ಯಾಡ್‌ಸ್ಟೋನ್ಸ್ 1965ರಲ್ಲಿ ಬರೆದರು. ಅದನ್ನು ನಂಬಿ ಪರ್ತ್‌ನ ವೈದ್ಯ ಟಾಮ್ ಕಲಿಟಿ 1967ರಲ್ಲಿ ವಿಲ್ಯಾಬ್ರಪ್‌ನಲ್ಲಿ ಬಳ್ಳಿ ನೆಟ್ಟರು. ಅದೇ ವಾಸ್ ಫೀಲಿಕ್ಸ್ ತೋಟ. 1969ರಲ್ಲಿ ಮಾಸ್ ವುಡ್, 1971ರಲ್ಲಿ ಕಲನ್ ಅದರ ಸುತ್ತಮುತ್ತಲೇ ಬಂದವು. ಕ್ಯಾಬರ್ನೆ ಸೊವಿನ್ಯೋನ್, ಶಾರ್ಡನೆ ಅನ್ನುವ ವೈನ್‌ಗಳಿಗೆ ಇವತ್ತು ಇಲ್ಲಿರುವ ಹೆಸರು ಆ ಕೆಲವೇ ಎಕರೆಯಿಂದ ಶುರುವಾದದ್ದು. ಲೂವಿನ್ ಎಸ್ಟೇಟ್, ವಾಯೇಜರ್ ಎಸ್ಟೇಟ್ ಮಾತ್ರ ಮಾರ್ಗರೆಟ್ ರಿವರ್ ಊರಿನಿಂದ ದಕ್ಷಿಣಕ್ಕಿವೆ. ನೀವು ನೋಡಲೇಬೇಕು ಅಂದುಕೊಂಡ ತೋಟಗಳಿಗೆ ನಕ್ಷೆಯಲ್ಲಿ ಒಂದೊಂದು ಚುಕ್ಕಿ ಇಡಿ. ಚುಕ್ಕಿಗಳು ಎಲ್ಲಿ ಗುಂಪಾಗುತ್ತವೋ ಅಲ್ಲಿಂದ 15 ನಿಮಿಷದ ಒಳಗೆ ಮನೆ ಹುಡುಕಿ.

ಈಗ ಊರುಗಳ ಗುಣ ಹೇಳುತ್ತೇನೆ. ಬಸೆಲ್ಟನ್ ದೊಡ್ಡ ಊರು, ಸಪಾಟು ನೆಲ, ಶಾಂತ ಸಮುದ್ರ. 1.8 ಕಿಲೋಮೀಟರ್ ಉದ್ದದ ಮರದ ಜೆಟ್ಟಿ ಇಲ್ಲಿದೆ. ಅದರ ಮೇಲೆ ಪುಟ್ಟ ರೈಲು ಓಡುತ್ತದೆ. ಮಕ್ಕಳಿಗೂ ಅಜ್ಜ-ಅಜ್ಜಿಗೂ ಒಳ್ಳೆಯ ಜಾಗ. ಆದರೆ ತೋಟಗಳಿಗೆ ದಿನಾ ಅರ್ಧ ಗಂಟೆ, ಮುಕ್ಕಾಲು ಗಂಟೆ ಓಡಾಟ. ಡನ್ಸ್‌ಬರೋ ಅಲ್ಲಿಂದ ಪಶ್ಚಿಮಕ್ಕೆ 25 ಕಿಲೋಮೀಟರ್. ಅಂಗಡಿ, ಬೇಕರಿ, ಬೀಚ್ ಎಲ್ಲಾ ನಡೆದು ಹೋಗುವಷ್ಟು ಹತ್ತಿರ. ಚಿಕ್ಕ ಮಕ್ಕಳಿರುವವರು ಕೇಳಿದರೆ ನಾನು ಕಣ್ಣು ಮುಚ್ಚಿ ಡನ್ಸ್‌ಬರೋ ಅನ್ನುತ್ತೇನೆ. ಯಾಲಿಂಗಪ್ ಗುಡ್ಡದ ಇಳಿಜಾರಿನಲ್ಲಿ, ಅಲೆಗಳ ಎದುರು ಇದೆ. ನೋಟಕ್ಕೆ ಅದನ್ನು ಮೀರಿಸುವ ಊರಿಲ್ಲ, ಅಂಗಡಿ ಮಾತ್ರ ಕಡಿಮೆ. ಕವಾರಮಪ್ ಹೆದ್ದಾರಿ ಮೇಲಿನ ಚಿಕ್ಕ ಊರು. ಬೀದಿ ತುಂಬಾ ಫೈಬರ್‌ಗ್ಲಾಸ್ ಹಸುಗಳು ನಿಂತಿರುತ್ತವೆ, ಮಕ್ಕಳು ಒಂದೊಂದನ್ನೂ ಮುಟ್ಟಿಯೇ ಮುಂದೆ ಹೋಗುವುದು. ಸಮುದ್ರ ಇಲ್ಲ, ಆದರೆ ವಿಲ್ಯಾಬ್ರಪ್ ಪಕ್ಕದಲ್ಲೇ ಇದೆ. ಮಾರ್ಗರೆಟ್ ರಿವರ್ ಊರಿಗೂ ಬೀಚ್ ಇಲ್ಲ. ಇದು ಎಷ್ಟೋ ಜನರಿಗೆ ಬಂದ ಮೇಲೆ ಗೊತ್ತಾಗುವ ಸಂಗತಿ. ಸಮುದ್ರ ಇರುವುದು ಸುಮಾರು 10 ಕಿಲೋಮೀಟರ್ ಆಚೆ, ಪ್ರೆವೆಲಿ ಮತ್ತು ನ್ಯಾರಬಪ್‌ನಲ್ಲಿ. ಅಗಸ್ಟಾ ತೀರಾ ದಕ್ಷಿಣದ ತುದಿ. ತುಂಬ ನೆಮ್ಮದಿಯ ಊರು, ಲೈಟ್‌ಹೌಸ್ ಇದೆ, ಆದರೆ ವೈನ್‌ಗಾಗಿ ಬಂದವರಿಗೆ ದೂರ.

ಈ ಹೆಸರುಗಳ ಕೊನೆಯಲ್ಲಿ 'ಅಪ್' ಅಂತ ಬರುತ್ತದಲ್ವಾ? ಇಲ್ಲಿನ ಮೂಲ ಜನರಾದ ನೂಂಗಾರ್‌ರ ಭಾಷೆಯಲ್ಲಿ ಅದಕ್ಕೆ 'ಜಾಗ' ಅಂತ ಅರ್ಥ. ನಮ್ಮ 'ಊರು', 'ಹಳ್ಳಿ' ಹೆಸರಿನ ಬಾಲಕ್ಕೆ ಅಂಟಿಕೊಳ್ಳುವ ಹಾಗೆಯೇ. ಈ ತೀರ ವದಂಡಿ ಜನರ ನೆಲ. ಅದು ಗೊತ್ತಾದ ಮೇಲೆ ದಾರಿಯ ಬೋರ್ಡುಗಳನ್ನು ಓದುವುದೇ ಬೇರೆ ಥರ.

2. ಸಮುದ್ರದ ಯಾವ ಮುಖ ಬೇಕು?

ಇಲ್ಲಿ ಸಮುದ್ರಕ್ಕೆ ಎರಡು ಮುಖ. ಕೇಪ್ ನ್ಯಾಚುರಲಿಸ್ಟ್‌ನ ಒಳಗಡೆ ಇರುವುದು ಜಿಯೋಗ್ರಾಫ್ ಕೊಲ್ಲಿ. ಬಸೆಲ್ಟನ್, ಡನ್ಸ್‌ಬರೋ, ಮೀಲಪ್, ಈಗಲ್ ಬೇ ಎಲ್ಲಾ ಇಲ್ಲಿವೆ. ಇದು ಉತ್ತರಕ್ಕೆ ತೆರೆದ ನೀರು. ಬೇಸಿಗೆಯ ದಕ್ಷಿಣದ ಗಾಳಿಗೆ ಭೂಮಿಯೇ ಅಡ್ಡ ನಿಲ್ಲುತ್ತದೆ, ಹಾಗಾಗಿ ನೀರು ತಟ್ಟೆಯ ಹಾಗೆ ಇರುತ್ತದೆ. ಯಾಲಿಂಗಪ್‌ನಿಂದ ಕೆಳಗೆ ಪ್ರೆವೆಲಿ ತನಕ ಪಶ್ಚಿಮದ ಮುಖ. ದೊಡ್ಡ ಅಲೆ, ಸರ್ಫಿಂಗ್ ಮಾಡುವವರ ಸ್ವರ್ಗ, ಮಧ್ಯಾಹ್ನದ ಮೇಲೆ ಜೋರು ಗಾಳಿ. ಚಳಿಗಾಲದಲ್ಲಿ ಮಾತ್ರ ವಾಯವ್ಯದ ಬಿರುಗಾಳಿ ಕೊಲ್ಲಿಯನ್ನೂ ಕಲಕುತ್ತದೆ.

ಸೂರ್ಯ ನೀರಿಗೆ ಇಳಿಯುವುದನ್ನು ನೋಡಬೇಕಾದರೆ ಪಶ್ಚಿಮದ ಮುಖವೇ ಬೇಕು. ಮಲ್ಪೆಯಲ್ಲಿ, ಗೋಕರ್ಣದಲ್ಲಿ ನೋಡಿದ ಸೂರ್ಯಾಸ್ತದ ಹಾಗೆಯೇ ಇರುತ್ತದೆ, ಯಾಕೆಂದರೆ ಇದೂ ಹಿಂದೂ ಮಹಾಸಾಗರವೇ. ಆದರೆ ಅದಕ್ಕಾಗಿ ಅಲ್ಲೇ ಮಲಗಬೇಕಿಲ್ಲ. ಡನ್ಸ್‌ಬರೋದಿಂದ ಯಾಲಿಂಗಪ್‌ಗೆ ಹತ್ತು ನಿಮಿಷ. ಈಜುವುದು ಕೊಲ್ಲಿಯಲ್ಲಿ, ಸೂರ್ಯಾಸ್ತ ಪಶ್ಚಿಮದಲ್ಲಿ ಅಂತ ಇಟ್ಟುಕೊಂಡರೆ ಮನೆಯಲ್ಲಿ ಎಲ್ಲರಿಗೂ ಖುಷಿ. ಪಶ್ಚಿಮದ ಬೀಚ್‌ಗಳಲ್ಲಿ ಬಂಡೆಗಳ ಮೇಲೆ ನಿಂತು ಫೋಟೋ ತೆಗೆಯಬೇಡಿ. ಏಕಾಏಕಿ ಬರುವ ದೊಡ್ಡ ಅಲೆ ಎಳೆದುಕೊಂಡು ಹೋಗುತ್ತದೆ. ನೀರಿಗೆ ಇಳಿಯುವುದಾದರೆ ಜೀವರಕ್ಷಕರು ನೆಟ್ಟ ಕೆಂಪು-ಹಳದಿ ಬಾವುಟ ಇರುವ ಕಡೆ ಅವುಗಳ ನಡುವೆಯೇ ಇಳಿಯಿರಿ.

ದಿಕ್ಕಿನ ಬಗ್ಗೆ ಇನ್ನೊಂದು ಮಾತು, ಊರಿಂದ ಬಂದವರಿಗೆ ಇದು ತಲೆಕೆಳಗು ಅನಿಸುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಚಳಿಗಾಲದ ಸೂರ್ಯ ಉತ್ತರದ ಕಡೆಯಿಂದ ಬರುತ್ತಾನೆ. ಜೂನ್-ಜುಲೈನಲ್ಲಿ ಹೋಗುವುದಾದರೆ ಹಾಲ್‌ನ ದೊಡ್ಡ ಕಿಟಕಿ ಉತ್ತರಕ್ಕೆ ಇದೆಯಾ ಅಂತ ಕೇಳಿ. ಇದ್ದರೆ ಮಧ್ಯಾಹ್ನದ ಬಿಸಿಲು ಸೋಫಾ ತನಕ ಬರುತ್ತದೆ. ದಕ್ಷಿಣಕ್ಕೆ ಮಾತ್ರ ಕಿಟಕಿ ಇರುವ ಕೋಣೆ ದಿನವಿಡೀ ತಣ್ಣಗೆ ಕೂತಿರುತ್ತದೆ.

3. ಯಾವ ತಿಂಗಳು?

'ವೈನ್‌ಯಾರ್ಡ್ ವ್ಯೂ' ಅಂತ ಬರೆದಿರುವ ಮನೆಯ ಫೋಟೋ ಹಸಿರು ಹಸಿರಾಗಿರುತ್ತದೆ. ಜುಲೈನಲ್ಲಿ ಹೋದರೆ ಕಾಣುವುದು ಸಾಲು ಸಾಲು ಬೋಳು ಕಡ್ಡಿಗಳು. ಚಿಗುರು ಬರುವುದು ಸೆಪ್ಟೆಂಬರ್ ಹೊತ್ತಿಗೆ. ಹಣ್ಣು ಬಲಿಯುವಾಗ ಹಕ್ಕಿ ತಿನ್ನದ ಹಾಗೆ ಬಳ್ಳಿಗಳ ಮೇಲೆ ಬಲೆ ಹೊದಿಸುತ್ತಾರೆ. ಫೆಬ್ರವರಿಯಿಂದ ಏಪ್ರಿಲ್ ತನಕ ಕಟಾವು. ಹಣ್ಣು ತಂಪಾಗಿರಲಿ ಅಂತ ಕಟಾವಿನ ಯಂತ್ರ ಎಷ್ಟೋ ಸಲ ರಾತ್ರಿ ಹೊತ್ತು ಓಡುತ್ತದೆ. ತೋಟದ ನಡುವಿನ ಮನೆ ತಗೊಂಡರೆ ಬೆಳಗಿನ ಜಾವ ಮೂರಕ್ಕೆ ಅದರ ಸದ್ದು, ದೀಪ ಎರಡೂ ಬರಬಹುದು. ನನಗೆ ಅದು ಇಷ್ಟ, ಎದ್ದು ಕಿಟಕಿಯಲ್ಲಿ ನಿಂತು ನೋಡುತ್ತೇನೆ. ನಿದ್ದೆ ತೆಳ್ಳಗಿರುವ ಹಿರಿಯರಿದ್ದರೆ ಆ ತಿಂಗಳುಗಳಲ್ಲಿ ತೋಟದಿಂದ ಸ್ವಲ್ಪ ದೂರವೇ ಇರಿ.

ಮಾರ್ಚ್-ಏಪ್ರಿಲ್ ನನ್ನ ಮೊದಲ ಆಯ್ಕೆ. ಗಾಳಿ ಇಳಿದಿರುತ್ತದೆ, ನೀರು ಇನ್ನೂ ಬೆಚ್ಚಗಿರುತ್ತದೆ. ಜೂನ್‌ನಿಂದ ಆಗಸ್ಟ್ ಮಳೆಗಾಲ ಮತ್ತು ಚಳಿಗಾಲ ಒಟ್ಟಿಗೆ. ಹಗಲು ಸುಮಾರು 16 ಡಿಗ್ರಿ. ರೇಟು ಇಳಿದಿರುತ್ತದೆ, ಸೌದೆ ಒಲೆಯ ಮುಂದೆ ಕೂರುವ ಸುಖ ಇರುತ್ತದೆ. ಅಗಸ್ಟಾ ಕಡೆ ತಿಮಿಂಗಿಲ ಬರುವುದೂ ಆಗಲೇ. ಸೆಪ್ಟೆಂಬರ್ ಆದ ಮೇಲೆ ಅವು ಜಿಯೋಗ್ರಾಫ್ ಕೊಲ್ಲಿಯ ಕಡೆ ಕಾಣಿಸುತ್ತವೆ, ಜೊತೆಗೆ ಕಾಡುಹೂವುಗಳ ಕಾಲ.

ಕೆಲವು ದಿನಗಳಲ್ಲಿ ಮನೆ ಸಿಗುವುದೇ ಕಷ್ಟ. ಕ್ರಿಸ್‌ಮಸ್‌ನಿಂದ ಜನವರಿ ಕೊನೆ, ಈಸ್ಟರ್, ಶಾಲಾ ರಜೆ, ಜೂನ್ ಮೊದಲ ಸೋಮವಾರದ ಲಾಂಗ್ ವೀಕೆಂಡ್. ಲೂವಿನ್ ಎಸ್ಟೇಟ್‌ನಲ್ಲಿ 1985ರಿಂದ ನಡೆಯುತ್ತಿರುವ ಬಯಲು ಸಂಗೀತ ಕಛೇರಿಯ ವಾರಾಂತ್ಯವೂ ಅಷ್ಟೇ. ನವೆಂಬರ್ ಕೊನೆಯಲ್ಲಿ ಇನ್ನೊಂದು ವಿಶೇಷ ಇದೆ. ಹನ್ನೆರಡನೇ ತರಗತಿ ಮುಗಿಸಿದ ಸಾವಿರಾರು ಹುಡುಗ ಹುಡುಗಿಯರು ಡನ್ಸ್‌ಬರೋಗೆ ಬಂದು ಸಂಭ್ರಮಿಸುತ್ತಾರೆ. 'ಲೀವರ್ಸ್' ಅಂತ ಕರೆಯುತ್ತಾರೆ. ಆ ವಾರ ಮನೆಮಂದಿಯ ಜೊತೆ ಹೋಗಿ ನೆಮ್ಮದಿ ಹುಡುಕಬೇಡಿ, ಒಂದು ವಾರ ಮುಂದಕ್ಕೆ ಹಾಕಿ.

4. ಸಂಜೆ ಕಾರು ಯಾರು ಓಡಿಸುತ್ತಾರೆ?

ಇದನ್ನು ಬುಕ್ ಮಾಡುವ ಮೊದಲೇ ಮನೆಯಲ್ಲಿ ಕೂತು ಮಾತಾಡಿ. ಆಸ್ಟ್ರೇಲಿಯಾದಲ್ಲಿ ಪೂರ್ಣ ಲೈಸೆನ್ಸ್ ಇರುವವರಿಗೂ ರಕ್ತದಲ್ಲಿ ಆಲ್ಕೋಹಾಲ್ ಮಿತಿ ಶೇಕಡಾ 0.05. ಹೊಸ ಚಾಲಕರಿಗೆ ಸೊನ್ನೆ. ಪೊಲೀಸರು ಎಲ್ಲಿ ಬೇಕಾದರೂ ನಿಲ್ಲಿಸಿ ಊದಿಸುತ್ತಾರೆ. ರುಚಿ ನೋಡುವ ಲೋಟದಲ್ಲಿ ಹಾಕುವುದು ಎರಡು ಗುಟುಕು, ನಿಜ. ಆದರೆ ಒಂದು ತೋಟದಲ್ಲಿ ಐದಾರು ಬಗೆ, ಅಂಥ ಮೂರು ತೋಟ ಅಂದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ಉಗುಳಲು ಬಟ್ಟಲು ಇಟ್ಟಿರುತ್ತಾರೆ. ಬಳಸಲು ಸಂಕೋಚ ಬೇಡ, ಅದು ಅಲ್ಲಿನ ರೂಢಿ.

ತೋಟಗಳಲ್ಲಿ ವೈನ್ ರುಚಿ ನೋಡುವ ಕೋಣೆಗಳು ಹೆಚ್ಚಾಗಿ ಬೆಳಿಗ್ಗೆ 10ರಿಂದ ಸಂಜೆ 5ರ ತನಕ ಮಾತ್ರ. ಅಲ್ಲಿನ ರೆಸ್ಟೋರೆಂಟ್‌ಗಳಲ್ಲಿ ಬಹುಪಾಲು ಮಧ್ಯಾಹ್ನದ ಊಟ ಮಾತ್ರ. ರಾತ್ರಿ ಊಟಕ್ಕೆ ಊರಿಗೇ ಬರಬೇಕು. ಕಾಡಿನ ನಡುವೆ ಚೆಂದದ ಮನೆ ತಗೊಂಡಿದ್ದೀರಿ ಅಂತ ಇಟ್ಟುಕೊಳ್ಳಿ. ರಾತ್ರಿ ಎಂಟಕ್ಕೆ ಹಸಿವಾದರೆ ಕತ್ತಲ ದಾರಿಯಲ್ಲಿ 20 ಕಿಲೋಮೀಟರ್ ಹೋಗಬೇಕು. ಟ್ಯಾಕ್ಸಿ ಕರೆದ ಕೂಡಲೇ ಬರುವ ಜಾಗ ಇದಲ್ಲ. ಮುಸ್ಸಂಜೆಯಲ್ಲಿ, ಬೆಳಗಿನ ಜಾವದಲ್ಲಿ ಕಾಂಗರೂಗಳು ರಸ್ತೆಗೆ ಹಾರುತ್ತವೆ. ಕಾರು ಬಾಡಿಗೆಗೆ ತಗೊಳ್ಳುವಾಗ ಕತ್ತಲಾದ ಮೇಲೆ ಊರಾಚೆ ಓಡಿಸಿದರೆ ವಿಮೆ ಇರುತ್ತದಾ, ಪ್ರಾಣಿಗೆ ಗುದ್ದಿದರೆ ಯಾರು ಕೊಡಬೇಕು ಅಂತ ಓದಿಯೇ ಸಹಿ ಹಾಕಿ.

ಹಾಗಾಗಿ ನನ್ನ ಸಲಹೆ ಇಷ್ಟು. ಎಲ್ಲರೂ ಕುಡಿಯುವವರಾದರೆ ಊರೊಳಗೆ ಮನೆ ತಗೊಳ್ಳಿ, ಹಗಲಿಗೆ ಡ್ರೈವರ್ ಸಮೇತ ಟೂರ್ ವ್ಯಾನ್ ಮಾಡಿಸಿ. ಅವರು ನಿಮ್ಮ ಮನೆ ತನಕ ಬಂದು ಹತ್ತಿಸಿಕೊಳ್ಳುತ್ತಾರಾ ಅಂತ ಮೊದಲೇ ಕೇಳಿ. ಕುಡಿಯದವರು ಒಬ್ಬರಿದ್ದರೆ ತೋಟದ ನಡುವಿನ ಮನೆಯೂ ಆಗುತ್ತದೆ. ಆದರೆ ಅವರನ್ನು ಮೂರು ದಿನವೂ ಡ್ರೈವರ್ ಮಾಡುವುದು ನ್ಯಾಯ ಅಲ್ಲ. ಅವರಿಗೂ ಒಂದು ದಿನ ಇರಲಿ: ಲೇಕ್ ಕೇವ್ ಗುಹೆ, ಬೊರಾನಪ್‌ನ ಮುಗಿಲೆತ್ತರದ ಕ್ಯಾರಿ ಮರಗಳು, ಕಾಲಿನ ಹತ್ತಿರಕ್ಕೇ ತೊರಕೆ ಮೀನು (ಸ್ಟಿಂಗ್‌ರೇ) ಬರುವ ಹ್ಯಾಮೆಲಿನ್ ಬೇ.

5. ಈಗ ಮನೆ

ಇಲ್ಲಿ ಸಿಗುವ ಬಗೆಗಳು ಹಲವು. ಕ್ಯಾರವಾನ್ ಪಾರ್ಕ್‌ನ ಕ್ಯಾಬಿನ್ ಅಗ್ಗ, ಮಕ್ಕಳಿಗೆ ಆಟದ ಜಾಗ ಇರುತ್ತದೆ. ಹಾಸಿಗೆ ಬಟ್ಟೆ, ಟವಲ್ ಕೊಡುತ್ತಾರಾ ಅಂತ ಕೇಳಲೇಬೇಕು. ಶ್ಯಾಲೆ ಅಂತ ಕರೆಯುವುದು ಮರಗಳ ನಡುವಿನ ಒಂಟಿ ಮನೆ, ಇಬ್ಬರಿಗೆ ಚೆನ್ನ. ರೆಸಾರ್ಟ್‌ನಲ್ಲಿ ಎಲ್ಲಾ ಅನುಕೂಲ ಇರುತ್ತದೆ, ಅಡುಗೆಮನೆ ಇರಲಿಕ್ಕಿಲ್ಲ. ಫಾರ್ಮ್ ಸ್ಟೇ ಮಕ್ಕಳಿಗೆ ಹಬ್ಬ: ಕುರಿಗೆ ಮೇವು ಹಾಕುವುದು, ಮೊಟ್ಟೆ ಆರಿಸುವುದು. ಆದರೆ ತೋಟದ ನೀರಿನ ಕೆರೆಗೆ ಬೇಲಿ ಇರುವುದಿಲ್ಲ. ಈಜುಕೊಳಕ್ಕೆ ಬೇಲಿ ಕಾನೂನಿನಲ್ಲೇ ಇದೆ, ಕೆರೆಗೆ ಇಲ್ಲ. ನಡೆಯಲು ಕಲಿತ ಮಗು ಇದ್ದರೆ ಮನೆಯಿಂದ ಕೆರೆ ಎಷ್ಟು ದೂರ ಅಂತ ಕೇಳಿ. ಎರಡು-ಮೂರು ಸಂಸಾರ ಒಟ್ಟಿಗೆ ಹೋಗುವುದಾದರೆ ಹಾಲಿಡೇ ಹೋಮ್‌ಗಿಂತ ಒಳ್ಳೆಯದಿಲ್ಲ. ಎಷ್ಟು ಮಂಚ ಅನ್ನುವುದಕ್ಕಿಂತ ಎಷ್ಟು ಬಚ್ಚಲುಮನೆ ಅಂತ ಮೊದಲು ಎಣಿಸಿ.

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇಂಥ ಅಲ್ಪಾವಧಿ ಬಾಡಿಗೆ ಮನೆಗಳು 2025ರ ಜನವರಿ 1ರಿಂದ ಸರ್ಕಾರದಲ್ಲಿ ನೋಂದಣಿ ಆಗಿರಬೇಕು, ಜಾಹೀರಾತಿನಲ್ಲಿ ಆ ನಂಬರ್ ಹಾಕಬೇಕು. ನಂಬರ್ ಇಲ್ಲದಿದ್ದರೆ ಕೇಳಿ. ಉತ್ತರ ಕೊಡದವರಿಗೆ ಮುಂಗಡ ಕಳಿಸಬೇಡಿ.

ಮನೆಯ ಮಾಲೀಕರಿಗೆ ನಾನು ಯಾವಾಗಲೂ ಒಂದೇ ಸಂದೇಶ ಕಳಿಸುತ್ತೇನೆ. ಅದರಲ್ಲಿ ಇರುವುದು ಇಷ್ಟು: ನೀರು ಮಳೆನೀರಿನ ಟ್ಯಾಂಕಿನದ್ದಾ? ಬಿಸಿ ಮಾಡಲು ಸೌದೆ ಒಲೆ ಮಾತ್ರವಾ, ಮಲಗುವ ಕೋಣೆಗೂ ಹೀಟರ್ ಇದೆಯಾ? ಸೌದೆ ನೀವು ಕೊಡುತ್ತೀರಾ? ಒಳಗೆ ಫೋನ್ ಸಿಗುತ್ತದಾ? ಮೆಟ್ಟಿಲು ಎಷ್ಟು? ಕಡೆಯ ದಾರಿ ಮಣ್ಣಿನದ್ದಾ? ಊರಾಚೆ ಎಷ್ಟೋ ಮನೆಗಳು ಟ್ಯಾಂಕಿನ ನೀರನ್ನೇ ನಂಬಿವೆ. ಆರು ಜನ ಅರ್ಧರ್ಧ ಗಂಟೆ ಸ್ನಾನ ಮಾಡಿದರೆ ಬೇಸಿಗೆಯಲ್ಲಿ ಟ್ಯಾಂಕ್ ಖಾಲಿ. ಕೇವ್ಸ್ ರೋಡ್‌ನ ಮರಗಳ ನಡುವೆ ಫೋನ್ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಮಣ್ಣುದಾರಿಗೆ ಬಾಡಿಗೆ ಕಾರು ಇಳಿಸಬಹುದಾ ಅನ್ನುವುದನ್ನೂ ನೋಡಬೇಕು. ಈ ಪ್ರಶ್ನೆಗಳಿಗೆ ಮಾಲೀಕರು ಹೇಗೆ ಉತ್ತರ ಕೊಡುತ್ತಾರೆ ಅನ್ನುವುದರಲ್ಲೇ ಅರ್ಧ ಗೊತ್ತಾಗುತ್ತದೆ. ಒಮ್ಮೆ ಒಬ್ಬರು 'ಮೆಟ್ಟಿಲು 14, ಕೊನೆಯ ಮೂರು ಸ್ವಲ್ಪ ಎತ್ತರ, ನಿಮ್ಮ ತಂದೆಗೆ ಪಕ್ಕದ ಬಾಗಿಲು ಸುಲಭ' ಅಂತ ಬರೆದರು. ಆ ಮನೆಗೆ ನಾವು ಮೂರು ಸಲ ಹೋಗಿದ್ದೇವೆ.

6. ಅಡುಗೆಮನೆಯನ್ನು ಬಿಡಬೇಡಿ

ನಮ್ಮವರಿಗೆ ಇದು ಮುಖ್ಯ, ಅದರಲ್ಲೂ ಸಸ್ಯಾಹಾರಿಗಳಿಗೆ. ಊರುಗಳಲ್ಲಿ ಹೋಟೆಲ್ ಬೇಗ ಮುಚ್ಚುತ್ತವೆ. ಮೂರನೇ ದಿನ ಅಪ್ಪನಿಗೆ ಅನ್ನ-ಸಾರು ಬೇಕೇ ಬೇಕು. ಒಲೆ ಗ್ಯಾಸಾ, ಇಂಡಕ್ಷನ್ನಾ ಅಂತ ಕೇಳಿ. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ತಗೊಂಡು ಹೋಗಿ ಪ್ರಯೋಜನ ಇಲ್ಲ, ಸ್ಟೀಲಿನದ್ದು ಬೇಕು.

ಇನ್ನೊಂದು, ಒಗ್ಗರಣೆ. ಇಲ್ಲಿನ ಮನೆಗಳಲ್ಲಿ ಹಾಲ್, ಅಡುಗೆಮನೆ ಒಂದೇ. ತಲೆಯ ಮೇಲೆ ಹೊಗೆ ಅಲಾರಂ. ಒಮ್ಮೆ ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಅರ್ಧ ನಿಮಿಷಕ್ಕೆ ಅದು ಕಿರುಚಲು ಶುರು ಮಾಡಿತು, ಮಲಗಿದ್ದ ಮಗು ಎದ್ದು ಅಳತೊಡಗಿತು, ನಾನು ಸ್ಟೂಲ್ ಹತ್ತಿ ಟವಲ್ ಬೀಸುತ್ತಾ ನಿಂತಿದ್ದೆ. ಈಗ ಚಿತ್ರಾನ್ನದ ಗೊಜ್ಜು, ಸಾರಿನ ಒಗ್ಗರಣೆ ಮನೆಯಲ್ಲೇ ಮಾಡಿ ಡಬ್ಬಿಗೆ ಹಾಕಿಕೊಂಡು ಹೋಗುತ್ತೇವೆ. ಅಲ್ಲಿ ಮಾಡಲೇಬೇಕಾದರೆ ಚಿಮಣಿ ಫ್ಯಾನ್ ಹೊರಗೆ ಗಾಳಿ ಬಿಡುತ್ತದಾ ನೋಡಿ, ಕಿಟಕಿ ತೆರೆದು, ಹೊರಗಿನ ಬಾರ್ಬೆಕ್ಯೂ ಪಕ್ಕದ ಬರ್ನರ್ ಇದ್ದರೆ ಅದರ ಮೇಲೆ ಮಾಡಿ.

ಸಾಮಾನು ಪರ್ತ್‌ನಲ್ಲೇ ಕೊಳ್ಳಿ. ಪಶ್ಚಿಮ ಆಸ್ಟ್ರೇಲಿಯಾದ ಗಡಿ ನಿಯಮ ಬಿಗಿ. ಮೆಲ್ಬರ್ನ್‌ನಿಂದ ಬಂದರೂ ಹಣ್ಣು, ತರಕಾರಿ, ಜೇನು ಒಳಗೆ ಬಿಡುವುದಿಲ್ಲ. ಊರಿಂದ ಬರುವ ಅಮ್ಮ ಹಸಿ ಕರಿಬೇವು ತರುವ ಹಾಗಿಲ್ಲ. ಉಳಿದ ತಿನಿಸನ್ನು ವಿಮಾನ ನಿಲ್ದಾಣದಲ್ಲಿ ಘೋಷಿಸಲೇಬೇಕು. ಶನಿವಾರ ಬೆಳಿಗ್ಗೆ ಮಾರ್ಗರೆಟ್ ರಿವರ್ ಊರಿನಲ್ಲಿ ರೈತರ ಸಂತೆ ನಡೆಯುತ್ತದೆ. ಸೊಪ್ಪು, ಬ್ರೆಡ್, ಹಣ್ಣು ಅಲ್ಲಿ ತಾಜಾ ಸಿಗುತ್ತವೆ.

7. ದುಡ್ಡು, ರದ್ದತಿ, ಬೆಂಕಿ

ಒಂದು ರಾತ್ರಿಯ ರೇಟು ನೋಡಿ ಹೋಲಿಸಬೇಡಿ. ಕ್ಲೀನಿಂಗ್ ಶುಲ್ಕ, ಆ್ಯಪ್‌ನ ಶುಲ್ಕ, ಹೆಚ್ಚುವರಿ ಜನಕ್ಕೆ ಶುಲ್ಕ ಎಲ್ಲಾ ಸೇರಿದ ಒಟ್ಟು ಮೊತ್ತವನ್ನು ರಾತ್ರಿಗಳಿಂದ ಭಾಗಿಸಿ. ವಾರಾಂತ್ಯಕ್ಕೆ ಕನಿಷ್ಠ ಎರಡು ರಾತ್ರಿ ಅನ್ನುವವರೇ ಜಾಸ್ತಿ, ರಜೆಯಲ್ಲಿ ಇನ್ನೂ ಹೆಚ್ಚು. ಭಾನುವಾರದಿಂದ ಬುಧವಾರ ಹೋಗಲು ಆಗುವವರಿಗೆ ಅದೇ ಮನೆ ಅಗ್ಗಕ್ಕೆ ಸಿಗುತ್ತದೆ.

ರದ್ದತಿ ನಿಯಮ ಓದುವಾಗ ಕಾಡ್ಗಿಚ್ಚಿನ ಬಗ್ಗೆ ಏನು ಬರೆದಿದೆ ಅಂತ ಹುಡುಕಿ. ಇದು ಸುಮ್ನೆ ಹೆದರಿಸಲು ಹೇಳುವ ಮಾತಲ್ಲ. 2011ರ ನವೆಂಬರ್‌ನಲ್ಲಿ ಪ್ರೆವೆಲಿ ಸುತ್ತ ಎದ್ದ ಬೆಂಕಿಯಲ್ಲಿ ಹತ್ತಾರು ಮನೆಗಳು ಹೋದವು. ಹತ್ತೊಂಬತ್ತನೇ ಶತಮಾನದ ವಾಲ್‌ಕ್ಲಿಫ್ ಹೌಸ್ ಕೂಡ ಸುಟ್ಟಿತು. ನವೆಂಬರ್‌ನಿಂದ ಏಪ್ರಿಲ್ ನಡುವೆ ಹೋಗುವುದಾದರೆ ಬೆಂಕಿಯ ಎಚ್ಚರಿಕೆ ಕೊಡುವ 'ಎಮರ್ಜೆನ್ಸಿ ಡಬ್ಲ್ಯುಎ' ಆ್ಯಪ್ ಫೋನಿನಲ್ಲಿರಲಿ. ಮನೆಯಿಂದ ಹೊರಬರಲು ಒಂದೇ ದಾರಿಯಾ, ಎರಡಾ ಅಂತ ನಕ್ಷೆಯಲ್ಲಿ ನೋಡಿಟ್ಟುಕೊಳ್ಳಿ. 'ಟೋಟಲ್ ಫೈರ್ ಬ್ಯಾನ್' ಇರುವ ದಿನ ಹೊರಗೆ ಸೌದೆ, ಇದ್ದಿಲು ಹಚ್ಚುವ ಹಾಗಿಲ್ಲ.

ಹೊರಡುವ ದಿನ ಪರ್ತ್‌ನಿಂದ ಬೆಳಿಗ್ಗೆ ಬೇಗ ಹೊರಡಿ. ಹೆಚ್ಚಿನ ಮನೆಗಳ ಕೀ ಕೈಗೆ ಸಿಗುವುದು ಮಧ್ಯಾಹ್ನ ಎರಡರ ಮೇಲೆ. ದಾರಿಯಲ್ಲಿ ಬಸೆಲ್ಟನ್ ಜೆಟ್ಟಿ ಮುಗಿಸಿ, ಅಲ್ಲೇ ಪಕ್ಕದ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಊಟ ಮಾಡಿ, ನಾಲ್ಕರ ಒಳಗೆ ಮನೆ ಸೇರಿದರೆ ಕಾಂಗರೂ ಹೊತ್ತಿಗೆ ನೀವು ದಾರಿಯಲ್ಲಿ ಇರುವುದಿಲ್ಲ. ಕೀ ಪೆಟ್ಟಿಗೆಯ ನಂಬರ್, ಮನೆಯ ವಿಳಾಸ, ದಾರಿಯ ನಕ್ಷೆ ಮೂರನ್ನೂ ಬಸೆಲ್ಟನ್‌ನಲ್ಲೇ ಫೋನಿಗೆ ಇಳಿಸಿಕೊಳ್ಳಿ. ಗೇಟಿನ ಮುಂದೆ ಸಿಗ್ನಲ್ ಇರಲಿಕ್ಕಿಲ್ಲ.